ಕಾಗದದ ಕವಚ ಮೈಗೆ ಕೂರಬೇಕಾದರೆ

(ಶಿವಮೊಗ್ಗದಲ್ಲಿ ನಾಟಕಕ್ಕೆ ವೇಷ, ಪರಿಕರ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಗದದ ಕವಚ ಮಾಡಲು ಕೂತವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನನ್ನ ಎತ್ತರ ಐದು ಅಡಿ ಆರಿಂಚು. ಸ್ಕೇಲ್ ಎಷ್ಟಿಡಲಿ?" ಸ್ಕೇಲ್ ಅಂದರೆ ಫೈಲಿನಲ್ಲಿರುವ ಅಳತೆಯನ್ನು ಎಷ್ಟು ಹಿಗ್ಗಿಸಬೇಕು, ಎಷ್ಟು ಕುಗ್ಗಿಸಬೇಕು ಅನ್ನುವ ಸಂಖ್ಯೆ. ಇದಕ್ಕೆ ಥಟ್ಟನೆ ಒಂದು ಸಂಖ್ಯೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳುವುದಿಲ್ಲ. ಎತ್ತರ ನೋಡಿ ಕವಚದ ಅಳತೆ ಹೇಳಲು ಬರುವುದಿಲ್ಲ. ಕವಚದ ಪ್ರತಿ ತುಂಡಿಗೂ ಮೈಯಲ್ಲಿ ಒಂದು ಜಗ್ಗದ ಅಳತೆ ಇರುತ್ತದೆ. ಮೊದಲು ಅದನ್ನು ಹುಡುಕಬೇಕು. ತುಂಡನ್ನು ಅದಕ್ಕೆ ಹೊಂದಿಸಬೇಕು. ಮಿಕ್ಕಿದ್ದನ್ನು ಸಂದು, ಪಟ್ಟಿ, ದಾರಗಳಿಂದ ಸರಿಮಾಡಿಕೊಳ್ಳಬಹುದು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಅದನ್ನು ಮೈಯ ಒಂದೊಂದೇ ಭಾಗ ಹಿಡಿದು ತೋರಿಸುತ್ತೇನೆ.

ಈ ಕೆಲಸವನ್ನು ಈಗಷ್ಟೇ ನೋಡುತ್ತಿರುವವರಿಗಾಗಿ ಸ್ವಲ್ಪ ಹಿನ್ನೆಲೆ. ಕಂಪ್ಯೂಟರಿನಲ್ಲಿ ಕವಚದ ಮೂರು ಆಯಾಮದ ಮಾಡೆಲ್ ಇರುತ್ತದೆ. ಅದನ್ನು ಚಪ್ಪಟೆ ತುಂಡುಗಳಾಗಿ ಬಿಡಿಸಿ, ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ಗೆರೆಯ ಮೇಲೆ ಮಡಿಚಿ, ಅಂಚಿಗೆ ಅಂಚು ಅಂಟಿಸಿದರೆ ಮಾಡೆಲ್‌ನ ಆಕಾರವೇ ಕೈಗೆ ಬರುತ್ತದೆ. ಬಿಡಿಸುವ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಜಪಾನಿನ ತಮಾ ಸಾಫ್ಟ್‌ವೇರ್ ಕಂಪನಿಯ ಪೆಪಕುರಾ ಡಿಸೈನರ್. ದುಡ್ಡು ಕೊಟ್ಟು ಲೈಸೆನ್ಸ್ ಕೀ ತೆಗೆದುಕೊಳ್ಳದಿದ್ದರೆ ಅದರಲ್ಲಿ ಕೆಲಸವನ್ನು ಸೇವ್ ಮಾಡಲು ಆಗುವುದಿಲ್ಲ. ಪೂರ್ತಿ ಉಚಿತವಾಗಿ ಬೇಕೆಂದರೆ ಬ್ಲೆಂಡರ್ ಇದೆ. ಅದಕ್ಕೂ ಕಾಗದದ ಮಾಡೆಲ್ ಬಿಡಿಸಿಕೊಡುವ ಆಡ್-ಆನ್ ಉಂಟು. ಕಾಗದ 200ರಿಂದ 250 ಜಿಎಸ್ಎಂ (ಒಂದು ಚದರ ಮೀಟರ್ ಕಾಗದ ಇಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇರಲಿ. ಅಂಗಡಿಯಲ್ಲಿ ಐವರಿ ಶೀಟ್ ಅಂತ ಕೇಳಿದರೆ ಕೊಡುತ್ತಾರೆ. ಬರೆಯುವ ಕಾಗದ ಸಾಲದು, ತನ್ನ ಭಾರಕ್ಕೆ ತಾನೇ ಸೊಟ್ಟಗಾಗುತ್ತದೆ.

ಈಗ ಯಕ್ಷಗಾನದ ಚೌಕಿಯನ್ನು, ಅಂದರೆ ಕಲಾವಿದರು ವೇಷ ಕಟ್ಟುವ ಜಾಗವನ್ನು, ನೆನಪಿಸಿಕೊಳ್ಳಿ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಗುರ ಮರದ ಮೇಲೆ ಬೇಗಡೆ ಅಂಟಿಸಿದ ಭುಜಕೀರ್ತಿ, ಎದೆಪದಕ, ಡಾಬು, ತೋಳಿಗೆ ಕೈಗೆ ಕಟ್ಟುವ ಆಭರಣಗಳು, ಎಲ್ಲವೂ ಗಟ್ಟಿ ವಸ್ತುಗಳೇ. ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಆದರೂ ಮೇಳದ ಅದೇ ಆಭರಣವನ್ನು ಇವತ್ತು ಒಬ್ಬ ಕಲಾವಿದರು ಕಟ್ಟಿದರೆ ನಾಳೆ ಇನ್ನೊಬ್ಬರು ಕಟ್ಟುತ್ತಾರೆ. ತೆಳ್ಳಗಿರುವವರೂ ಕಟ್ಟುತ್ತಾರೆ, ದಪ್ಪಗಿರುವವರೂ ಕಟ್ಟುತ್ತಾರೆ. ಹೇಗೆ? ಯಾವ ಆಭರಣವೂ ಮೈಯನ್ನು ಪೂರ್ತಿ ಸುತ್ತುವುದಿಲ್ಲ. ಜನಕ್ಕೆ ಕಾಣುವ ಮುಂಭಾಗ ಮಾತ್ರ ಗಟ್ಟಿ, ಹಿಂಭಾಗವೆಲ್ಲ ದಾರ. ಒಳಗೆ ಬಟ್ಟೆಯ ಕಟ್ಟು. ಸಾಗರ, ಸೊರಬದ ಗುಡಿಗಾರರು ಬೆಂಡಿನಲ್ಲಿ ಮಾಡುವ ಬಾಸಿಂಗವೂ ಹಾಗೇ. ಯಾವ ಮದುಮಗನ ಹಣೆಗಾದರೂ ಸೈ, ಯಾಕೆಂದರೆ ಅದನ್ನು ನಿಲ್ಲಿಸುವುದು ದಾರ.

ಸಿನಿಮಾ, ಗೇಮ್‌ಗಳಿಂದ ಬಂದ ಕವಚದ ಫೈಲುಗಳಲ್ಲಿ ಈ ಜಾಣತನ ಇರುವುದಿಲ್ಲ. ಅಲ್ಲಿ ತೋಳಿನ ತುಂಡು ಅಂದರೆ ಸುತ್ತ ಮುಚ್ಚಿದ ಕೊಳವೆ. ಆ ಪಾತ್ರದ ಒಳಗೆ ಮೈಯೇ ಇಲ್ಲ. ಚಿತ್ರಕಾರ ಚಂದಕ್ಕೆ ಎಷ್ಟು ಬೇಕೋ ಅಷ್ಟು ಸೊಂಟ ಸಣ್ಣ ಮಾಡಿರುತ್ತಾನೆ, ಭುಜ ಅಗಲ ಮಾಡಿರುತ್ತಾನೆ. ಉಸಿರಾಡುವ, ಬೆವರುವ, ಕೂತು ಏಳುವ ಮೈಯನ್ನು ಆ ಕೊಳವೆಯೊಳಗೆ ಇಳಿಸಬೇಕಾದವರು ನಾವು.

ಮೊದಲು ಅಳತೆ. ಟೈಲರ್ ಹತ್ತಿರ ಇರುವ ಟೇಪೇ ಸಾಕು. ಆದರೆ ಟೈಲರ್ ನಮ್ಮನ್ನು ನಿಲ್ಲಿಸಿ ಅಳೆಯುತ್ತಾರೆ, ಬಟ್ಟೆ ಜಗ್ಗುವುದರಿಂದ ಅವರಿಗೆ ಅಷ್ಟು ನಡೆಯುತ್ತದೆ. ಕವಚಕ್ಕೆ ಅಳೆಯುವಾಗ ಮೈ ಅತಿ ದೊಡ್ಡದಾಗುವ ಭಂಗಿಯಲ್ಲಿ ಅಳೆಯಬೇಕು. ರಟ್ಟೆಯನ್ನು ಮೊಣಕೈ ಮಡಿಚಿ, ಮುಷ್ಟಿ ಬಿಗಿದು ಅಳೆಯಿರಿ. ತೊಡೆಯನ್ನು ಕುರ್ಚಿಯಲ್ಲಿ ಕೂತು ಅಳೆಯಿರಿ, ಕೂತಾಗ ಅದು ಅಗಲವಾಗುತ್ತದೆ. ಎದೆಯನ್ನು ಉಸಿರು ಪೂರ್ತಿ ಒಳಗೆಳೆದುಕೊಂಡು ಅಳೆಯಿರಿ. ಒಳಗೆ ಹಾಕಿಕೊಳ್ಳುವ ಬಟ್ಟೆಯನ್ನು ಅಳೆಯುವಾಗಲೂ ಹಾಕಿಕೊಂಡಿರಿ. ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಸಾಫ್ಟ್‌ವೇರ್ ಮಿಲಿಮೀಟರ್ ಕೇಳುತ್ತದೆ, ಇಂಚು ಬೆರೆಸಿದರೆ ಗೊಂದಲ.

ಇನ್ನು ಮುಂಗೈ ತುಂಡಿಗೆ ಬರುತ್ತೇನೆ. ಇದನ್ನೇ ಸ್ವಲ್ಪ ಹೊತ್ತು ನೋಡೋಣ, ಯಾಕೆಂದರೆ ಇದು ಅರ್ಥವಾದರೆ ಕೆಳಗಾಲು, ರಟ್ಟೆ, ತೊಡೆ ಎಲ್ಲವೂ ಅರ್ಥವಾದ ಹಾಗೆ.

ಫೈಲಿನಲ್ಲಿ ಮುಂಗೈ ತುಂಡಿನ ಅಳತೆ ಹೀಗಿದೆ ಅಂದುಕೊಳ್ಳಿ. ಉದ್ದ 260 ಮಿ.ಮೀ., ಅಗಲ 130, ಆಳ 120. ಹಾಕಿಕೊಳ್ಳುವವರ ಮುಂಗೈ ಮೊಣಕೈ ಮಡಿಕೆಯಿಂದ ಮಣಿಕಟ್ಟಿನವರೆಗೆ 230 ಮಿ.ಮೀ. ಇದೆ. ದಪ್ಪ ಇರುವ ಜಾಗದಲ್ಲಿ ಸುತ್ತಳತೆ 250.

ಇಲ್ಲಿ ಜಗ್ಗದ ಅಳತೆ ಯಾವುದು? ಉದ್ದ. ಮೊಣಕೈಗೂ ಮಣಿಕಟ್ಟಿಗೂ ನಡುವಿನ ಮೂಳೆಯ ಉದ್ದವನ್ನು ಯಾರೂ ಬದಲಿಸಲು ಆಗುವುದಿಲ್ಲ. ತುಂಡು ಅದಕ್ಕಿಂತ ಉದ್ದ ಇದ್ದರೆ ಕೈ ಮಡಿಚಲು ಬರುವುದಿಲ್ಲ. ಸರಿಯಾಗಿ ಅಷ್ಟೇ ಉದ್ದ ಇದ್ದರೂ ಬರುವುದಿಲ್ಲ. ಮಡಿಚಿದಾಗ ಮೊಣಕೈ ಒಳಗಿನ ಮಾಂಸ ಉಬ್ಬಿ ಅಂಚಿಗೆ ಒತ್ತುತ್ತದೆ. ಎರಡೂ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್ ಬಿಟ್ಟರೆ 200 ಮಿ.ಮೀ. ಉಳಿಯಿತು. 200ನ್ನು 260ರಿಂದ ಭಾಗಿಸಿ. ಸುಮಾರು 0.77. ಅಂದರೆ ಫೈಲಿನ ಅಳತೆಯ ಶೇ. 77.

ಈಗ ಸುತ್ತಳತೆ ನೋಡಿ. ಶೇ. 77ಕ್ಕೆ ಇಳಿಸಿದಾಗ ಅಗಲ 100, ಆಳ 92 ಆಯಿತು. ಸುಮಾರು ಗುಂಡಗಿದೆ ಅಂತಿಟ್ಟುಕೊಂಡರೆ ಹೊರಗಿನ ಸುತ್ತಳತೆ 302 ಮಿ.ಮೀ. ಕೈ 250, ಕೊಳವೆ 302, ಐದು ಸೆಂಟಿಮೀಟರ್ ಸಡಿಲ ಇದೆಯಲ್ಲ, ಸಾಕಲ್ವಾ ಅಂತ ಅನ್ನಿಸುತ್ತದೆ.

ಸಾಲುವುದಿಲ್ಲ. ಕಾಗದದ ಕೊಳವೆ ಕಾಗದವಾಗಿಯೇ ಉಳಿಯುವುದಿಲ್ಲ. ಅದನ್ನು ಗಟ್ಟಿ ಮಾಡಲು ಒಳಗೆ ಪದರ ಕೊಡುತ್ತೀರಿ, ಅದು 2 ಮಿ.ಮೀ. ಆದರೂ ಆಗುತ್ತದೆ. ಚುಚ್ಚದಿರಲಿ ಅಂತ 5 ಮಿ.ಮೀ. ಫೋಮ್ ಅಂಟಿಸುತ್ತೀರಿ. ಒಟ್ಟು 7 ಮಿ.ಮೀ. ದಪ್ಪ. ಈ ದಪ್ಪ ಸುತ್ತ ಎಲ್ಲ ಕಡೆಯಿಂದಲೂ ಒಳಗೆ ಬರುತ್ತದೆ. ದಪ್ಪ ಎಷ್ಟಿದೆಯೋ ಅದನ್ನು ಸುಮಾರು 6.3ರಿಂದ ಗುಣಿಸಿದರೆ ಒಳಗಿನ ಸುತ್ತಳತೆ ಎಷ್ಟು ಕಡಿಮೆಯಾಗುತ್ತದೆ ಅಂತ ಗೊತ್ತಾಗುತ್ತದೆ. ವೃತ್ತದ ಸುತ್ತಳತೆಯ ಲೆಕ್ಕ, ಶಾಲೆಯಲ್ಲಿ ಕಲಿತದ್ದೇ. ಏಳಕ್ಕೆ 44 ಮಿ.ಮೀ. ಹೋಯಿತು. ಒಳಗೆ ಉಳಿದದ್ದು 258. ಕೈ 250. ಗಾಳಿಗೆ ಜಾಗವೇ ಇಲ್ಲ. ಸುತ್ತ ಒಂದು ಸೆಂಟಿಮೀಟರ್ ಸಂದು ಬೇಕು ಅಂದರೆ ಮತ್ತೆ 63 ಮಿ.ಮೀ. ಬೇಕು. 250, 44, 63 ಕೂಡಿಸಿ. ಹೊರಗಿನ ಸುತ್ತಳತೆ 357 ಇರಬೇಕಿತ್ತು.

ಹಾಗಾದರೆ ಸುತ್ತಳತೆ ನೋಡಿಯೇ ಸ್ಕೇಲ್ ಇಡೋಣ ಅಂತ ಕೆಲವರು ಹೊರಡುತ್ತಾರೆ. ಫೈಲಿನ ಮೂಲ ಸುತ್ತಳತೆ 393. ಅದು 357 ಆಗಬೇಕು ಅಂದರೆ ಸ್ಕೇಲ್ ಶೇ. 91. ಆಗ ತುಂಡಿನ ಉದ್ದ 236 ಮಿ.ಮೀ. ಮುಂಗೈ ಇರುವುದೇ 230! ಕೈ ಮಡಿಚಲು ಬರುವುದಿಲ್ಲ, ಮಣಿಕಟ್ಟು ತಿರುಗುವುದಿಲ್ಲ. ಕಟೌಟಿನ ಹಾಗೆ ಎರಡೂ ಕೈ ಇಳಿಬಿಟ್ಟು ನಿಂತಿರಬೇಕಾಗುತ್ತದೆ.

ಉದ್ದ ಒಂದು ಸಂಖ್ಯೆ ಕೇಳುತ್ತದೆ, ಸುತ್ತಳತೆ ಇನ್ನೊಂದು ಕೇಳುತ್ತದೆ. ಎರಡನ್ನೂ ಒಂದೇ ಸ್ಕೇಲಿನಲ್ಲಿ ತೀರಿಸಲು ಬರುವುದಿಲ್ಲ. ಯಾರ ಮಾತು ಕೇಳಬೇಕು? ನನ್ನ ಪ್ರಕಾರ ಕೈಕಾಲಿನ ತುಂಡುಗಳಲ್ಲಿ ಯಾವಾಗಲೂ ಉದ್ದದ ಮಾತು ಕೇಳಬೇಕು. ಶೇ. 77 ಇಡಿ. ಸುತ್ತಳತೆಯಲ್ಲಿ ಕಡಿಮೆ ಬಿದ್ದ 55 ಮಿ.ಮೀ.ಯನ್ನು ಬೇರೆ ದಾರಿಯಿಂದ ತುಂಬಿಸಿ. ಕೊಳವೆಯನ್ನು ಉದ್ದಕ್ಕೆ ಸೀಳಿ, ಕೈಯ ಒಳಬದಿಯಲ್ಲಿ, ಮೈಗೆ ತಾಗುವ ಕಡೆ, ಒಂದು ಪಟ್ಟಿ ಸೇರಿಸಿ. ಅಥವಾ ಪಟ್ಟಿಯನ್ನೇ ಹಾಕಬೇಡಿ. ಸೀಳನ್ನು ಹಾಗೇ ತೆರೆದು ಬಿಟ್ಟು, ಎರಡೂ ಅಂಚಿಗೆ ತೂತು ಹೊಡೆದು ದಾರ ಪೋಣಿಸಿ. ಆಗ ನಿಮ್ಮ ಕವಚ ಚೌಕಿಯ ದಾರಿಗೆ ಬಂತು. ನನಗೆ ಈ ಎರಡನೆಯದೇ ಇಷ್ಟ. ಒಳಗೆ ಗಾಳಿಯೂ ಆಡುತ್ತದೆ, ಎರಡು ತಿಂಗಳಲ್ಲಿ ಮೈ ಸ್ವಲ್ಪ ಬಂದರೂ ಕವಚ ಬಿಸಾಡಬೇಕಿಲ್ಲ.

ಮಾಡೆಲನ್ನೇ ಒಂದು ದಿಕ್ಕಿಗೆ ಮಾತ್ರ ಎಳೆಯಬಹುದಲ್ಲ ಅಂತ ಕೇಳುವವರಿದ್ದೀರಿ. ಎಳೆಯಬಹುದು. ಬ್ಲೆಂಡರಿನಲ್ಲಿ ಅಗಲ, ಆಳವನ್ನು ಮಾತ್ರ ಹಿಗ್ಗಿಸಿ, ಆಮೇಲೆ ಹೊಸದಾಗಿ ಬಿಡಿಸಬೇಕು. ಹಳೆಯ ಬಿಡಿಸಿದ ತುಂಡುಗಳು ಕೆಲಸಕ್ಕೆ ಬರುವುದಿಲ್ಲ. ಸ್ವಲ್ಪ ಎಳೆದರೆ ಕಣ್ಣಿಗೆ ತಿಳಿಯುವುದಿಲ್ಲ. ಜಾಸ್ತಿ ಎಳೆದರೆ ಗುಂಡಗಿದ್ದ ಅಲಂಕಾರಗಳೆಲ್ಲ ಮೊಟ್ಟೆಯಾಕಾರಕ್ಕೆ ಹೋಗುತ್ತವೆ. ತುಂಡಿನ ಮೇಲೆ ಚಕ್ರ, ಗುಂಡಿ, ಅಕ್ಷರ ಇದ್ದರೆ ಪಟ್ಟಿ ಸೇರಿಸುವುದೇ ಒಳ್ಳೆಯದು.

ಮುಂಗೈ ತುಂಡಿನಲ್ಲಿ ಇನ್ನೂ ಒಂದು ಜಾಗ ಇದೆ. ಮಣಿಕಟ್ಟಿನ ತುದಿ. ಅಲ್ಲಿ ಮಣಿಕಟ್ಟನ್ನು ಅಳೆದು ಪ್ರಯೋಜನವಿಲ್ಲ. ಬಳೆ ತೊಡಿಸುವವರನ್ನು ನೋಡಿ. ಅವರು ಮಣಿಕಟ್ಟು ನೋಡುವುದೇ ಇಲ್ಲ, ಹೆಬ್ಬೆರಳನ್ನು ಒಳಗೆ ಮಡಿಸಿ ಕೈಯನ್ನು ಹಿಂಡಿ ನೋಡುತ್ತಾರೆ. ಬಳೆ ದಾಟಬೇಕಾದ್ದು ಆ ಗೆಣ್ಣುಗಳನ್ನು. ಕವಚದ ಕೊಳವೆಗೂ ಅದೇ ಲೆಕ್ಕ. ಮನೆಯಲ್ಲಿ ಬಳೆ ಅಳತೆ ಗೊತ್ತಿದ್ದರೆ ಅದೇ ಒಂದು ಆಧಾರ. ಎರಡು ಆರು ಬಳೆ ಅಂದರೆ ಒಳವ್ಯಾಸ ಎರಡು ಇಂಚು ಮತ್ತು ಇಂಚಿನ ಹದಿನಾರರಲ್ಲಿ ಆರು ಭಾಗ. ಸುಮಾರು 60 ಮಿ.ಮೀ. ವ್ಯಾಸ, 19 ಸೆಂ.ಮೀ. ಸುತ್ತಳತೆ. ಆ ಬಳೆ ಹಾಕುವವರಿಗೆ ಫೋಮ್ ಎಲ್ಲ ಅಂಟಿಸಿ ಮುಗಿದ ಮೇಲೆ ಮಣಿಕಟ್ಟಿನ ತುದಿಯ ಒಳ ಸುತ್ತಳತೆ 19ಕ್ಕಿಂತ ಕಡಿಮೆ ಇರಕೂಡದು. ಕಾಗದ ಗಾಜಿನಷ್ಟು ನುಣುಪಲ್ಲ, 21 ಇಟ್ಟರೆ ನೆಮ್ಮದಿ. ಕೆಳಗಾಲಿಗೂ ಹೀಗೇ. ಹಿಮ್ಮಡಿಯನ್ನೂ ಪಾದದ ಮೇಲುಬ್ಬನ್ನೂ ಸುತ್ತುವ ಓರೆ ಸುತ್ತಳತೆ ಕೊಳವೆಯೊಳಗೆ ದಾಟಬೇಕು, ಇಲ್ಲವೇ ಹಿಂದೆ ಸೀಳಿ ಪಟ್ಟಿ ಕಟ್ಟಬೇಕು.

ಈಗ ಹೆಲ್ಮೆಟ್. ಕೈಕಾಲಿನಲ್ಲಿ ನಾವು ಉದ್ದವನ್ನು ಮೇಲ್ಮಿತಿ ಅಂತ ಹಿಡಿದೆವು. ತಲೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಮೂರು ಅಳತೆ ಇದೆ, ಮೂರೂ ಜಗ್ಗುವುದಿಲ್ಲ. ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಒಂದು. ಕಿವಿಯಿಂದ ಕಿವಿಗೆ ಒಂದು, ಕಿವಿಯನ್ನೂ ಸೇರಿಸಿ. ಮೂಗಿನ ತುದಿಯಿಂದ ತಲೆಯ ಹಿಂಭಾಗಕ್ಕೆ ಒಂದು. ಟೇಪು ಇಲ್ಲಿ ಕೈಕೊಡುತ್ತದೆ, ಅದು ತಲೆಯ ಮೇಲೆ ಬಾಗಿಬಿಡುತ್ತದೆ. ಗೋಡೆಗೆ ತಲೆ ತಾಗಿಸಿ ನಿಂತು, ಮೂಗಿನ ತುದಿಗೆ ಒಂದು ಗಟ್ಟಿ ಪುಸ್ತಕ ಹಿಡಿದು, ಗೋಡೆಯಿಂದ ಪುಸ್ತಕದವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಕನ್ನಡಕ ಹಾಕುವವರು ಹಾಕಿಕೊಂಡೇ ಅಳೆಯಿರಿ. ಪ್ರತಿ ಅಳತೆಗೂ ಎರಡೂ ಬದಿಯ ಸ್ಪಂಜು, ಕಾಗದದ ದಪ್ಪ ಸೇರಿಸಿ.

ಒಬ್ಬರ ತಲೆಗೆ ಹೀಗೆ ಸೇರಿಸಿದ ಮೇಲೆ ಎತ್ತರ 265, ಅಗಲ 220, ಆಳ 255 ಮಿ.ಮೀ. ಬಂತು ಅನ್ನಿ. ಫೈಲಿನ ಹೆಲ್ಮೆಟ್ ಎತ್ತರ 300, ಅಗಲ 210, ಆಳ 270. ಸುಮ್ನೆ ಎತ್ತರ ನೋಡಿ 265ನ್ನು 300ರಿಂದ ಭಾಗಿಸಿದರೆ ಶೇ. 88. ಹಾಗೆ ಪ್ರಿಂಟ್ ತೆಗೆದರೆ ಅಗಲ 185 ಆಗುತ್ತದೆ. ಅವರ ತಲೆಯ ಬರೀ ಅಗಲವೇ 185 ಇದೆ. ಕಿವಿ ಮುರುಟಿಹೋಗುತ್ತದೆ. ಯಾಕೆ ಹೀಗಾಯಿತು? ಆ 300ರಲ್ಲಿ ತಲೆಯ ಮೇಲಿನ 40 ಮಿ.ಮೀ. ತುರಾಯಿಯೂ ಸೇರಿದೆ. ಸಾಫ್ಟ್‌ವೇರಿಗೆ ತುರಾಯಿ ಯಾವುದು, ತಲೆ ಯಾವುದು ಅಂತ ಗೊತ್ತಿಲ್ಲ. ತುದಿಯಿಂದ ತುದಿಗೆ ಅಳೆದು ಹೇಳುತ್ತದೆ. ಕೊಂಬು, ಆಂಟೆನಾ, ಜುಟ್ಟು, ಏನಿದ್ದರೂ ಮೊದಲು ಕಳೆಯಿರಿ. ತುರಾಯಿ ಕಳೆದರೆ ಎತ್ತರ 260. ಈಗ ಮೂರೂ ಭಾಗಾಕಾರ ಮಾಡಿ. ಎತ್ತರಕ್ಕೆ 1.02, ಅಗಲಕ್ಕೆ 1.05, ಆಳಕ್ಕೆ 0.94. ಮೂರರಲ್ಲಿ ದೊಡ್ಡದನ್ನು ತೆಗೆದುಕೊಳ್ಳಿ. ಶೇ. 105. ಮಿಕ್ಕ ಎರಡು ಕಡೆ ಉಳಿಯುವ ಜಾಗಕ್ಕೆ ಸ್ಪಂಜು ಅಂಟಿಸಿದರಾಯಿತು.

ಇನ್ನೊಂದು ನೋಡಬೇಕಾದ್ದು ಕಣ್ಣು. ಮನುಷ್ಯನ ಕಣ್ಣು ನೆತ್ತಿಗೂ ಗದ್ದಕ್ಕೂ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. ಹೆಲ್ಮೆಟ್ಟಿನ ಕಣ್ಣಿನ ಕಿಂಡಿ ಎಷ್ಟೋ ಸಲ ಹಾಗಿರುವುದಿಲ್ಲ, ಚಂದಕ್ಕಾಗಿ ಮೇಲೋ ಕೆಳಗೋ ಹೋಗಿರುತ್ತದೆ. ನೆತ್ತಿಯಿಂದ ನಿಮ್ಮ ಕಣ್ಣಿನವರೆಗೆ ಎಷ್ಟು ಅಂತ ಅಳೆದು, ಮಾಡೆಲ್‌ನಲ್ಲೂ ಅದೇ ದೂರ ಅಳೆದು ನೋಡಿ. ಒಂದೆರಡು ಸೆಂಟಿಮೀಟರ್ ವ್ಯತ್ಯಾಸವನ್ನು ನೆತ್ತಿಯ ಸ್ಪಂಜಿನ ದಪ್ಪ ಹೆಚ್ಚುಕಡಿಮೆ ಮಾಡಿ ಸರಿಪಡಿಸಬಹುದು. ರಂಗದ ಮೇಲೆ ಮೆಟ್ಟಿಲು ಕಾಣದೆ ಯಾರಾದರೂ ಬಿದ್ದರೆ ಕವಚ ಎಷ್ಟು ಚಂದ ಇದ್ದು ಏನು ಬಂತು?

ಈ ಹಂತದಲ್ಲಿ ಸಭೆಯಿಂದ ಒಬ್ಬ ತಾಯಿ ಕೇಳಿದರು. "ಸರ್, ನನ್ನ ಮಗನಿಗೆ ಹತ್ತು ವರ್ಷ. ದೊಡ್ಡವರ ಫೈಲನ್ನೇ ಅವನ ಎತ್ತರಕ್ಕೆ ಇಳಿಸಿದರೆ ಆಗಲ್ವಾ?"

ಮೇಡಂ, ಕೈಕಾಲಿಗೆ ಹತ್ತಿರಹತ್ತಿರ ಆಗಬಹುದು. ಹೆಲ್ಮೆಟ್ ಮಾತ್ರ ಖಂಡಿತ ಆಗುವುದಿಲ್ಲ. ಮಕ್ಕಳ ಮೈ ಬೆಳೆಯುವ ರೀತಿಯೇ ಬೇರೆ. ತಲೆ ಮೊದಲು ಬೆಳೆದುಬಿಡುತ್ತದೆ, ಕಾಲು ಆಮೇಲೆ ಬೆಳೆಯುತ್ತದೆ. ದೊಡ್ಡವರು 170 ಸೆಂ.ಮೀ. ಎತ್ತರ, ತಲೆಯ ಸುತ್ತಳತೆ 56 ಇದ್ದಾರೆ ಅಂತಿಟ್ಟುಕೊಳ್ಳಿ. ನಿಮ್ಮ ಮಗ ಸುಮಾರು 138 ಇರಬಹುದು. ಎತ್ತರದ ಲೆಕ್ಕದಲ್ಲಿ ಶೇ. 81. ಹೆಲ್ಮೆಟ್ಟನ್ನೂ ಶೇ. 81ಕ್ಕೆ ಇಳಿಸಿದರೆ ಅದು 45 ಸೆಂ.ಮೀ. ತಲೆಗೆ ಆಗುತ್ತದೆ. 45 ಅಂದರೆ ಹೆಚ್ಚುಕಡಿಮೆ ವರ್ಷದ ಕೂಸಿನ ತಲೆ. ಹತ್ತು ವರ್ಷದ ಹುಡುಗನ ತಲೆ 53ರ ಸುಮಾರಿಗೆ ಇರುತ್ತದೆ, ದೊಡ್ಡವರ ಶೇ. 95. ಹಾಗಾಗಿ ಮೈಗೆ ಒಂದು ಸ್ಕೇಲ್, ತಲೆಗೆ ಬೇರೆಯೇ ಸ್ಕೇಲ್. ಶಾಲಾ ವಾರ್ಷಿಕೋತ್ಸವದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೆಳದಿ ಚೆನ್ನಮ್ಮನಾಗಿ ನಿಂತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಡುವ ಮಾತು ಹೇಳುವಾಗ ಶಿರಸ್ತ್ರಾಣ ಕಣ್ಣಿಗೆ ಜಾರಿ ಬರಬಾರದು, ಹಣೆಗೆ ಒತ್ತಲೂಬಾರದು. ಆ ಮಗು ಅಷ್ಟು ದಿನ ಮಾತು ಕಲಿತಿರುತ್ತದೆ. ಅದರ ತಲೆಯನ್ನು ಬೇರೆಯಾಗಿ ಅಳೆಯುವುದು ನಮಗೆ ಐದು ನಿಮಿಷದ ಕೆಲಸ.

ದೊಡ್ಡವರಿಗೂ ಇದರ ತದ್ರೂಪು ತೊಂದರೆ ಇದೆ. ವೀರ ಪುರುಷರನ್ನು ಬಿಡಿಸುವ ಚಿತ್ರಕಾರರು ಮೈಯನ್ನು ತಲೆಯ ಎಂಟು ಪಟ್ಟು ಎತ್ತರ ಮಾಡುತ್ತಾರೆ. ನಾವು ನೀವು ಏಳು, ಏಳೂವರೆ ಪಟ್ಟು ಇದ್ದೇವೆ. ಎಲ್ಲವನ್ನೂ ಎತ್ತರಕ್ಕೆ ಹೊಂದಿಸಿದರೆ ಹೆಲ್ಮೆಟ್ ಸಣ್ಣದಾಗುತ್ತದೆ, ಹೆಲ್ಮೆಟ್ ಸರಿಮಾಡಿದರೆ ತಲೆ ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ನನ್ನ ಉಪಾಯ, ಹೆಲ್ಮೆಟ್ ಒಳಗಿನ ಸ್ಪಂಜನ್ನು ಆದಷ್ಟು ತೆಳ್ಳಗೆ ಇಡುವುದು, ಭುಜದ ತುಂಡನ್ನು ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದು ಮಾಡುವುದು. ಭುಜದ ತುಂಡು ಮೈಯನ್ನು ಸುತ್ತುವುದಿಲ್ಲ, ಮೇಲೆ ಕೂತಿರುತ್ತದೆ. ಅದನ್ನು ಕಣ್ಣಿಗೆ ಚಂದ ಕಾಣುವಷ್ಟು ಹಿಗ್ಗಿಸಲು ಅಡ್ಡಿಯಿಲ್ಲ. ಭುಜಕೀರ್ತಿ ಮಾಡಿದ ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಎದೆಯ ತುಂಡಿನ ಬಗ್ಗೆ ಬೇಗ ಹೇಳುತ್ತೇನೆ. ಎದೆಯ ಸುತ್ತಳತೆಗೆ ತಲೆ ಕೆಡಿಸಿಕೊಳ್ಳಬೇಡಿ. ಎದೆ, ಬೆನ್ನು ಬೇರೆ ಬೇರೆ ಮಾಡಿ ಪಕ್ಕಕ್ಕೆ ಬೆಲ್ಟ್ ಹಾಕಿದರೆ ಸುತ್ತಳತೆ ತಾನಾಗಿ ಸರಿಹೋಗುತ್ತದೆ. ನೋಡಬೇಕಾದ್ದು ಎರಡು. ಕಂಕುಳಿನಿಂದ ಕಂಕುಳಿಗೆ ಮುಂಭಾಗದ ಅಗಲ, ಕೈ ಮುಗಿದು ನಿಂತಾಗ. ತುಂಡು ಅದಕ್ಕಿಂತ ಅಗಲ ಇದ್ದರೆ ಕೈ ಮುಂದೆ ಬರುವುದಿಲ್ಲ, ಕತ್ತಿ ಹಿಡಿಯುವುದು ಹಾಗಿರಲಿ, ನಮಸ್ಕಾರ ಮಾಡಲೂ ಆಗುವುದಿಲ್ಲ. ಇನ್ನೊಂದು, ಕುರ್ಚಿಯಲ್ಲಿ ಕೂತಾಗ ಕತ್ತಿನ ಗುಳಿಯಿಂದ ತೊಡೆಯವರೆಗಿನ ಎತ್ತರ. ನಿಂತು ಅಳೆದು ಮಾಡಿದ ಎದೆಕವಚ ಕೂತ ತಕ್ಷಣ ಮೇಲೆದ್ದು ಗದ್ದಕ್ಕೆ ಬಡಿಯುತ್ತದೆ.

ಲೆಕ್ಕ ಎಲ್ಲ ಆದ ಮೇಲೂ ಪೂರ್ತಿ ಪ್ರಿಂಟ್ ತೆಗೆಯಬೇಡಿ. ಮೊದಲು ಬಳೆ ಕಟ್ಟಿ. ಚಾರ್ಟ್ ಪೇಪರಿನಲ್ಲಿ ಮೂರು ಬೆರಳಗಲದ ಪಟ್ಟಿ ಕತ್ತರಿಸಿ, ಲೆಕ್ಕದಲ್ಲಿ ಬಂದ ಒಳ ಸುತ್ತಳತೆಗೆ ಸರಿಯಾಗಿ ಟೇಪ್ ಹಾಕಿ. ತುಂಡಿನ ಮೇಲಂಚಿಗೆ ಒಂದು, ಕೆಳಂಚಿಗೆ ಒಂದು. ಎರಡನ್ನೂ ತುಂಡಿನ ಉದ್ದದಷ್ಟು ಕಡ್ಡಿಯಿಂದ ಸೇರಿಸಿ. ಕೈಗೆ, ಕಾಲಿಗೆ ಹಾಕಿಕೊಂಡು ಕೂತು, ಎದ್ದು, ಬಗ್ಗಿ, ಕೈ ಮೇಲೆತ್ತಿ ನೋಡಿ. ಹತ್ತು ರೂಪಾಯಿಯ ಚಾರ್ಟಿನಲ್ಲಿ ಎಲ್ಲ ಗೊತ್ತಾಗುತ್ತದೆ.

ಪ್ರಿಂಟ್ ತೆಗೆಯುವಾಗ ಎಚ್ಚರಿಕೆ ಬೇಕಾದ್ದು ಒಂದೇ ಕಡೆ. ಪುಟಕ್ಕೆ ಹೊಂದಿಸು ಅನ್ನುವ ಆಯ್ಕೆ ಆನ್ ಆಗಿದ್ದರೆ ಪ್ರಿಂಟರ್ ತಾನೇ ಅಳತೆಯನ್ನು ಕುಗ್ಗಿಸಿಬಿಡುತ್ತದೆ. ಅಮೆರಿಕದವರು ಮಾಡಿದ ಫೈಲುಗಳು ಲೆಟರ್ ಪುಟಕ್ಕೆ ಇರುತ್ತವೆ, ಅದು 216 ಮತ್ತು 279 ಮಿ.ಮೀ. ನಮ್ಮ ಎ4 210 ಮತ್ತು 297. ಅಲ್ಲೂ ಅಳತೆ ಜಾರುತ್ತದೆ. ಪುಟದ ಮೂಲೆಯಲ್ಲಿ ಸರಿಯಾಗಿ 100 ಮಿ.ಮೀ. ಗೆರೆ ಒಂದನ್ನು ಎಳೆದಿಟ್ಟು, ಮೊದಲ ಪುಟ ಹೊರಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ. ಜೆರಾಕ್ಸ್ ಅಂಗಡಿಯಲ್ಲಿ ತೆಗೆಸುವವರು ಅಲ್ಲೇ ನಿಂತು ಅಳೆಯಿರಿ, ಮನೆಗೆ ಬಂದ ಮೇಲೆ ಬೇಡ. ಸ್ಕೇಲ್ ಹೆಚ್ಚಿಸಿದಾಗ ಕೆಲವು ತುಂಡುಗಳು ಪುಟದ ಅಂಚು ದಾಟಿ ಹೋಗಿರುತ್ತವೆ, ಅವನ್ನು ಕತ್ತರಿಸಿ ಜೋಡಿಸಿಕೊಳ್ಳಬೇಕು. ಶೇ. 10 ದೊಡ್ಡದು ಮಾಡಿದರೆ ಕಾಗದ ಶೇ. 21 ಹೆಚ್ಚು ಬೇಕು, ಅಂದಾಜಿಗೆ ಇಟ್ಟುಕೊಳ್ಳಿ. ಹಾಗೇ, ಇನ್ನೊಬ್ಬರು ಹೇಳಿದ ಸ್ಕೇಲ್ ಸಂಖ್ಯೆಯನ್ನು ನಿಮ್ಮ ಫೈಲಿಗೆ ಹಾಕಬೇಡಿ. ಆ ಸಂಖ್ಯೆ ಆ ಮಾಡೆಲ್ ಯಾವ ಅಳತೆಯಲ್ಲಿ ಕಟ್ಟಿದ್ದು ಅನ್ನುವುದರ ಮೇಲೆ ನಿಂತಿರುತ್ತದೆ. ಮಿಲಿಮೀಟರಿನಲ್ಲಿ ಸಿದ್ಧ ಅಳತೆ ಎಷ್ಟು ಅನ್ನುವುದನ್ನೇ ನಂಬಿ.

ಇದು ಮಲೆನಾಡು, ಮಳೆಯ ಮಾತು ಆಡದೆ ಇರಲಾಗದು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ಜಿಲ್ಲೆಯಲ್ಲೇ ಇದೆ. ಕಾಗದ ತೇವ ಕುಡಿದರೆ ಹಿಗ್ಗುತ್ತದೆ. ನಾರು ಓಡುವ ದಿಕ್ಕಿಗೆ ಕಡಿಮೆ, ಅದಕ್ಕೆ ಅಡ್ಡಲಾಗಿ ಜಾಸ್ತಿ. ಆಷಾಢದಲ್ಲಿ ಒಂದು ವಾರ ಕತ್ತರಿಸಿ, ಮುಂದಿನ ವಾರ ಅಂಟಿಸಲು ಕೂತರೆ ಅಂಚಿಗೆ ಅಂಚು ಕೂರುವುದಿಲ್ಲ. ಉದ್ದ ತುಂಡುಗಳಲ್ಲಿ ಇದು ಎದ್ದು ಕಾಣುತ್ತದೆ. ಕತ್ತರಿಸಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ಒಂದು ಭಾಗಕ್ಕೆ ಬೇಕಾದಷ್ಟನ್ನೇ ಕತ್ತರಿಸಿ ಅವತ್ತೇ ಅಂಟಿಸಿ. ಬಚ್ಚಲೊಲೆಯ ಹತ್ತಿರ ಇಟ್ಟು ಒಣಗಿಸುವವರು ಸ್ವಲ್ಪ ದೂರ ಇಡಿ, ಒಂದೇ ಕಡೆ ಕಾವು ಹತ್ತಿದರೆ ಸೊಟ್ಟಗಾಗುತ್ತದೆ. ಗಟ್ಟಿ ಮಾಡಲು ಪಾಲಿಯೆಸ್ಟರ್ ರೆಸಿನ್ ಬಳಸುವವರು ಮಳೆಗಾಲ ಕಳೆಯಲು ಬಿಡಿ. ತಂಡಿಯಲ್ಲಿ ಅದು ಬೇಗ ಗಟ್ಟಿಯಾಗುವುದಿಲ್ಲ, ಮೇಲೆ ಅಂಟಂಟು ಉಳಿಯುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿಯುವುದಂತೂ ಬೇಡವೇ ಬೇಡ. ಅಂಗಳದಲ್ಲಿ, ರೆಸಿನ್ ಆವಿ ತಡೆಯುವ ಮಾಸ್ಕ್ ಹಾಕಿಕೊಂಡು ಮಾಡಬೇಕು. ಬಟ್ಟೆಯ ಮಾಸ್ಕ್ ಸಾಲದು. ಮಕ್ಕಳ ಕವಚಕ್ಕೆ ರೆಸಿನ್ ಬೇಕಿಲ್ಲ. ಮೈದಾ ಅಂಟಿನಲ್ಲಿ ಹಳೇ ಪೇಪರಿನ ಪಟ್ಟಿಗಳನ್ನು ಒಳಗೆ ತೆಳ್ಳಗೆ, ಪದರ ಪದರವಾಗಿ, ಪ್ರತಿ ಪದರ ಒಣಗಿದ ಮೇಲೆ ಇನ್ನೊಂದು ಅಂತ ಹಚ್ಚಿದರೆ ಒಂದು ನಾಟಕಕ್ಕೆ ಧಾರಾಳ ಸಾಕು. ಮೈದಾ ಅಂಟಿಗೆ ಸ್ವಲ್ಪ ಮೈಲುತುತ್ತ ಹಾಕುವ ರೂಢಿ ಇದೆ, ಮಕ್ಕಳು ಮುಟ್ಟುವ ವಸ್ತುವಿಗೆ ಅದನ್ನು ಹಾಕಬೇಡಿ. ಯಾವ ಪದರ ಕೊಟ್ಟರೂ ಅದರ ದಪ್ಪವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು, ಆ 6.3ರ ಗುಣಾಕಾರ ನೆನಪಿರಲಿ.

ಕೊನೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದು ತುಂಬ ಒಳ್ಳೆಯ ಪ್ರಶ್ನೆ. "ಸರ್, ನಮ್ಮ ತಂಡದಲ್ಲಿ ಒಂದೇ ಕವಚವನ್ನು ಇಬ್ಬರು ಹಾಕಬೇಕು. ಒಬ್ಬ ಉದ್ದ ತೆಳ್ಳಗೆ, ಇನ್ನೊಬ್ಬ ಗಿಡ್ಡ ದಪ್ಪಗೆ. ಯಾರ ಅಳತೆಗೆ ಮಾಡೋದು?"

ಇಬ್ಬರ ಅಳತೆಗೂ ಮಾಡಪ್ಪ. ಕೈಕಾಲಿನ ತುಂಡುಗಳ ಉದ್ದವನ್ನು ಗಿಡ್ಡ ಇರುವವನಿಗೆ ಹೊಂದಿಸು, ಇಬ್ಬರಿಗೂ ಮೊಣಕೈ ಮೊಣಕಾಲು ಮಡಚಲು ಬರುತ್ತದೆ. ಉದ್ದ ಇರುವವನಿಗೆ ತುದಿಯಲ್ಲಿ ಕಾಣುವ ಖಾಲಿ ಜಾಗವನ್ನು ಅದೇ ಬಣ್ಣದ ಬಟ್ಟೆಯಿಂದ ಮುಚ್ಚು. ಸುತ್ತಳತೆಯನ್ನು ದಪ್ಪ ಇರುವವನಿಗೆ ಹೊಂದಿಸಿ, ಹಿಂದೆ ಸೀಳು ಬಿಟ್ಟು ದಾರ ಹಾಕು, ತೆಳ್ಳಗಿರುವವನಿಗೆ ಬಿಗಿದು ಕಟ್ಟಬಹುದು. ಎದೆಯ ಅಗಲ ಇಬ್ಬರಲ್ಲಿ ಯಾರದು ಕಡಿಮೆಯೋ ಅವರದು, ಎತ್ತರ ಕೂತಾಗ ಯಾರದು ಕಡಿಮೆಯೋ ಅವರದು. ಹೆಲ್ಮೆಟ್ ಮಾತ್ರ ದೊಡ್ಡ ತಲೆಗೆ ಮಾಡು, ಸಣ್ಣ ತಲೆಯವನಿಗೆ ವೆಲ್ಕ್ರೋದಲ್ಲಿ ಹಾಕಿ ತೆಗೆಯುವ ಹಾಗೆ ಇನ್ನೊಂದು ಜೊತೆ ಸ್ಪಂಜು ಮಾಡಿಟ್ಟುಕೋ. ಯಾರ ಸ್ಪಂಜು ಯಾವುದು ಅಂತ ಹಿಂದೆ ಪೆನ್ನಿನಲ್ಲಿ ಹೆಸರು ಬರೆದಿಡು, ಚೌಕಿಯ ಗಡಿಬಿಡಿಯಲ್ಲಿ ಅದಲು ಬದಲಾಗುತ್ತದೆ.